ಅಮ್ಮ ಅನ್ನಬೇಕಿತ್ತು
ಮೊಬೈಲು ಹಿಡಿದು ಸಿಗ್ನಲ್ಲಿಗಾಗಿ ಗುಡ್ಡ ಹತ್ತುತ್ತಿದ್ದ ಕಾಲ. ಪ್ರತಿ ಗುರುವಾರ ಮಗಳನ್ನು ಶೃಂಗೇರಿ ಪಕ್ಕದ ಮೆಣಸೆಯಿಂದ ಬಸ್ಸಿನಲ್ಲಿ ಕೊಪ್ಪಕ್ಕೆ ಕರೆದೊಯ್ಯುತ್ತಿದ್ದೆ. ಅವಳಿಗೆ ಆರು ವರ್ಷ, ಆಟಿಸಂ. ಥೆರಪಿ ಮಾಡುತ್ತಿದ್ದ ಮೇಡಂ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಅಂಕ ಹಾಕುತ್ತಿದ್ದರು. ಅಂಕ ಏರದಿದ್ದರೆ ಅವಳ ಜಾಗ ಕಾಯುತ್ತಿರುವ ಬೇರೆ ಮಗುವಿಗೆ ಹೋಗುತ್ತಿತ್ತು. ಇದು ಗೊತ್ತಾದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮಗಳು ಸಿಕ್ಕಿಹಾಕಿಕೊಂಡದ್ದು ಒಂದು ಪ್ರಶ್ನೆಯಲ್ಲಿ: ತಾಯಿಯನ್ನು ಕರೆಯುತ್ತಾಳೆಯೇ?

"ಅತ್ತಿಗೆ ಅಂತಾಳೆ" ಎಂದೆ. ನಮ್ಮದು ಕೂಡುಕುಟುಂಬ. ಮೈದುನರು, ನಾದಿನಿ ಕರೆಯುವುದನ್ನು ಕೇಳಿ ನನ್ನ ದೊಡ್ಡ ಮಗನೂ ನನ್ನನ್ನು ಅತ್ತಿಗೆ ಎಂದೇ ಕರೆದು ಬೆಳೆದವನು. ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ.

ಮೇಡಂ ಬಯಲುಸೀಮೆಯವರು. "ಅದು ಕರೆಯೋದಲ್ಲ ಕಣಮ್ಮ. ಬೇರೆಯವರು ಅಂದಿದ್ದನ್ನ ಹಾಗೇ ವಾಪಸ್ ಹೇಳೋದು" ಎಂದು ಸೊನ್ನೆ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಆ ಅನುಮಾನ ನನಗೂ ಇತ್ತು, ಉರಿದದ್ದು ಅದಕ್ಕೇ. ಅವಳು ನನ್ನ ಮುಖ ನೋಡಿ ಕರೆದದ್ದೇ ಇಲ್ಲ, ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು.

ಹಟಕ್ಕೆ ಬಿದ್ದೆ. ಬೆಲ್ಲದ ಚೂರು ತೋರಿಸುವುದು, "ಅಮ್ಮ" ಅಂದರೆ ಮಾತ್ರ ಕೊಡುವುದು. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ.

"ಎಂತಕ್ಕೆ ಆ ಕೂಸಿನ ಜೀವ ತಿಂತೀಯೆ ಮಾರಾಯ್ತಿ, ಬಿಡು" ಎಂದರು ಅತ್ತೆ. ಬಿಡಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಮೇಡಂ ನನ್ನತ್ತ ಬೆರಳು ತೋರಿಸಿದರು. ಮಗಳು ನನ್ನ ಕೈಚೀಲ ನೋಡುತ್ತ "ಅಮ್ಮ" ಅಂದಳು. ಬೆಲ್ಲ ಇದ್ದದ್ದು ಅದರಲ್ಲಿ. ಪೂರ್ತಿ ಅಂಕ ಬಂತು, ಜಾಗ ಉಳಿಯಿತು. ಖುಷಿಪಡಬೇಕಾದವಳು ಚಪ್ಪಲಿ ಮೆಟ್ಟುವಾಗ ಯಾರ ಮೇಲೋ ಸಿಟ್ಟಾಗಿದ್ದೆ.

ಅದೇ ಸಂಜೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಜನ ನುಗ್ಗುವಾಗ ಅವಳ ಕೈ ತಪ್ಪಿತು. ಸಿಕ್ಕಸಿಕ್ಕವರನ್ನು ತಳ್ಳಿ ಹುಡುಕುತ್ತಿದ್ದೆ. ನರಸಿಂಹರಾಜಪುರದ ಬಸ್ಸಿನ ಹಿಂದಿನಿಂದ ಅವಳ ಅಳು ಕೇಳಿಸಿತು: "ಅತ್ತಿಗೆ, ಅತ್ತಿಗೆ."

ಅಲ್ಲಿ ನಮ್ಮ ಮನೆಯವರು ಒಬ್ಬರೂ ಇರಲಿಲ್ಲ. ಅವಳಿಗೆ ಆ ಮಾತನ್ನು ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಮುಂದಿನ ಗುರುವಾರ ಮೇಡಂಗೆ ಹೇಳಿದೆ. ಅವರು ಪ್ರಶ್ನೆಯ ಹಾಳೆ ತೆಗೆದು ತೋರಿಸಿದರು. "ಪ್ರಶ್ನೇಲಿ ಅಮ್ಮ ಅಂತಾನೇ ಇದೆಯಲ್ಲ, ನಾನೇನು ಮಾಡ್ಲಿ" ಅಂದರು.

ಜಾಗ ಉಳಿಯಬೇಕಲ್ಲ. ಪರೀಕ್ಷೆಯ ದಿನ ಚೀಲಕ್ಕೆ ಬೆಲ್ಲ ಹಾಕಿಕೊಂಡೇ ಹೋಗುತ್ತಿದ್ದೆ, ಅವಳು ಅಮ್ಮ ಅನ್ನುತ್ತಿದ್ದಳು, ಅಂಕ ಬರುತ್ತಿತ್ತು. ಮನೆಯಲ್ಲಿ ಮಾತ್ರ ಆ ಮಾತು ಮತ್ತೆ ಹೇಳಿಸಲಿಲ್ಲ. ಈಗಲೂ ಅವಳು ಗೋಡೆ ನೋಡಿಕೊಂಡು "ಅತ್ತಿಗೆ" ಅಂದರೂ ಸಾಕು, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಬಿಟ್ಟು ಓಡುತ್ತೇನೆ.