ಭಾಗ್ಯಜ್ಯೋತಿಯ ರೊಡ್ಡಗೈ

ಸಿಂದಗಿಯ ಸುತ್ತಮುತ್ತ ಲಗ್ನದ ಅಡಿಗೆ ಅಂದರೆ ಕಲ್ಮೇಶ. ಆತನ ಸಿಹಿ ಮಾದಲಿಗೆ ಇಂಡಿ ಊರಿನ ಬೀಗರೂ ತಲೆದೂಗುತ್ತಾರೆ. ಆತನ ಬಾಯಿಗೆ ಮಾತ್ರ ಬಡಿಸುವವರೆಲ್ಲ ಅಂಜುತ್ತಾರೆ. ಪಂಕ್ತಿಯಲ್ಲಿ ಯಾರಾದರೂ ಎಡಗೈಯಿಂದ ಹೋಳಿಗೆ ಇಟ್ಟರೋ, ಮುಗಿಯಿತು. "ಏ, ಯಾವ ಕೈಲೆ ಬಡಸಾಕತ್ತೀಯೋ? ನನ್ನ ಮಾನ ಕಳೀತೀಯೇನ!" ಎಂದು ಆತ ಕೂಗಿದರೆ ಉಣ್ಣುತ್ತಿದ್ದ ಮದುಮಗನೂ ಒಮ್ಮೆ ತನ್ನ ಕೈ ನೋಡಿಕೊಳ್ಳಬೇಕು.

ಇಂಥವನಿಗೆ ದೇವರು ಕೊಟ್ಟದ್ದು ರೊಡ್ಡ ಮಗಳು. ಆರು ವರ್ಷದ ಭಾಗ್ಯಜ್ಯೋತಿಗೆ ಪೆನ್ಸಿಲ್ಲಿಗೂ ಎಡಗೈ, ರೊಟ್ಟಿ ಮುರಿಯಲೂ ಎಡಗೈ. ಕಲ್ಮೇಶ ಮಗಳನ್ನು ಒಂದು ದಿನವೂ ಬಡಿದವನಲ್ಲ. ಅದನ್ನು ಆತನೇ ನಾಲ್ಕು ಮಂದಿಯಲ್ಲಿ ಹೇಳಿಕೊಳ್ಳುತ್ತಿದ್ದ. "ಹೊಲಸ ಕೈ ಅದು, ತೊಡಿ ಕೆಳಗ ಇಟ್ಕೊ" ಅನ್ನುತ್ತಿದ್ದ, ಅಷ್ಟೇ. ದಿನಕ್ಕೆ ಹತ್ತು ಸಲ. ಹುಡುಗಿ ಎಡಗೈ ಮೇಲೆ ಕೂತು, ನಾಲಿಗೆ ಹೊರಗೆ ಹಾಕಿ, ಬಲಗೈಯಿಂದ 'ಅ' ಬರೆಯುತ್ತಿದ್ದಳು. ಅದು ಜಿಲೇಬಿಯಾಗುತ್ತಿತ್ತು. "ಚಲೋ ಆಗೇತಿ" ಅನ್ನುತ್ತಿದ್ದ ಅಡಿಗೆಯವ.

ಈ ವರ್ಷ ಅವಳ ಸಾಲಿಯಲ್ಲಿ ಬುಲ್‌ಬುಲ್ ಶುರುವಾಯಿತು. ಕಲ್ಮೇಶ ಅದನ್ನು ಬಾರಿಸುವ ವಾದ್ಯವೆಂದು ತಿಳಿದು, "ಪೆಟ್ಟಿಗಿ ನಾವು ಕೊಡಿಸಬೇಕೇನ?" ಎಂದ.

"ನಿಮ್ಮ ತಲಿ! ಸ್ಕೌಟಿನಾಗ ಸಣ್ಣ ಹುಡುಗ್ಯಾರ ಗುಂಪಿಗೆ ಹಂಗಂತಾರ" ಎಂದಳು ಹೆಂಡತಿ ವಿದ್ಯಾವತಿ. "ಐತವಾರ ಸೇರಿಸ್ಕೋತಾರಂತ. ಅವ್ವ ಅಪ್ಪ ಇಬ್ರೂ ಬರಬೇಕು. ಅಲ್ಲಿ ಬಾಯಿ ಮುಚಗೊಂಡ ನಿಂದರ್ರಿ."

ಐತವಾರ ಸಾಲಿಯ ಬೇವಿನ ಗಿಡದ ನೆರಳಲ್ಲಿ ಹನ್ನೆರಡು ಹುಡುಗಿಯರು ನಿಂತರು, ಅವರ ಹಿಂದೆ ತಂದೆತಾಯಿ. ಮೊದಲ ಸರದಿ ಭಾಗ್ಯಜ್ಯೋತಿಯದೇ. ಫರಹತ ಟೀಚರ್ ಅವಳ ಕೊರಳಿಗೆ ಸ್ಕಾರ್ಫ್ ಹಾಕಿ, ಸೆಲ್ಯೂಟ್ ಹೊಡೆದು, ಕೈಕುಲುಕಲು ಎಡಗೈ ಚಾಚಿದರು. ಹುಡುಗಿ ಅಪ್ಪನ ಕಡೆ ನೋಡಿದಳು. ತನ್ನ ಎಡಗೈಯನ್ನು ಬೆನ್ನ ಹಿಂದೆ ಸರಿಸಿ ಬಲಗೈ ಕೊಟ್ಟಳು.

"ಆ ಕೈ ಅಲ್ಲವ್ವಾ, ಎಡಗೈ ಕೊಡು."

ಕಲ್ಮೇಶನ ಪಂಕ್ತಿಯ ದನಿ ತಾನಾಗಿಯೇ ಹೊರಬಿತ್ತು. "ಟೀಚರ್, ಕಲಿಸೋರು ರೊಡ್ಡಗೈ ಮುಂದ ಮಾಡಿದ್ರ ಹುಡುಗ್ರ ಗತಿ ಏನ್ರಿ?"

ಟೀಚರ್ ಸಿಟ್ಟಾಗಲಿಲ್ಲ. "ಸ್ಕೌಟಿನಾಗ ಎಡಗೈ ಕೊಡೂದ್ರಿ ಅಣ್ಣಾರ. ಇಡೀ ದುನಿಯಾದಾಗ ಹಂಗ ಐತಿ. ಎದಿಗೆ ಹತ್ತರದ ಕೈ ಅದು."

"ಏ ಕಲ್ಮೇಶಾ, ಇದು ಪಂಕ್ತಿ ಅಲ್ಲೋ ಮಾರಾಯಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಕಲ್ಮೇಶನೂ ನಕ್ಕ. ಉಪ್ಪಿಲ್ಲದ ಸಾರನ್ನು ಐನೂರು ಮಂದಿಗೆ ಉಣಿಸಿ ಅರಗಿಸಿಕೊಂಡವನಿಗೆ ಇದ್ಯಾವ ಲೆಕ್ಕ?

ಆಗ ಭಾಗ್ಯಜ್ಯೋತಿ ಹೇಳಿದಳು: "ನನ್ನ ಎಡಗೈ ಬ್ಯಾಡ್ರಿ ಟೀಚರ್. ಅದು ಹೊಲಸ ಐತಿ. ನಿಮಗ ಹತ್ತೀತು."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಲ್ಮೇಶನಿಗೆ. ವಿದ್ಯಾವತಿ ಸೆರಗಿನ ಅಂಚು ನೋಡುತ್ತ ನಿಂತಿದ್ದಳು, ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

"ನೀವು ಬರ್ರಿ" ಎಂದರು ಟೀಚರ್ ಕಲ್ಮೇಶನಿಗೆ ಮೆಲ್ಲಗೆ. "ಮೊದಲ ಕೈ ನೀವು ಕೊಡ್ರಿ."

ಆತ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ರೂಢಿಯಂತೆ ಬಲಗೈ ಎದ್ದಿತು. ಅದನ್ನು ಇಳಿಸಿ ಎಡಗೈ ಚಾಚಿದ. ನಲವತ್ತಾರು ವರ್ಷದಲ್ಲಿ ನಾಲ್ಕು ಮಂದಿಯ ಮುಂದೆ ಚಾಚದ ಕೈ. ಯಾರದೋ ಕೈ ಎರವಲು ತಂದಂತಿತ್ತು.

ಹುಡುಗಿ ಕೈ ನೋಡಿದಳು, ಮುಖ ನೋಡಿದಳು. "ಬೈಯಂಗಿಲ್ಲ?"

"ಇಲ್ಲವ್ವಾ."

"ಬರಿಯೂ ಮುಂದನೂ?"

"ಆಗೂ ಇಲ್ಲ."

"ಉಣ್ಣೂ ಮುಂದ?"

ಆಗೂ ಬೈಯಂಗಿಲ್ಲ ಅನ್ನಲು ಕಲ್ಮೇಶನಿಗೆ ನಾಲಿಗೆ ಹೊರಳದು, ಬೈತೀನಿ ಅನ್ನಲು ಮುಖ ಉಳಿದಿಲ್ಲ. ಕಡೆಗೆ, ಇಷ್ಟೆಲ್ಲ ಆದಮೇಲೂ, ಆತ ಚೌಕಾಶಿಗೆ ಇಳಿದ: "ಮನ್ಯಾಗ ನಡೀತೈತಿ. ಮಂದ್ಯಾಗ ಬ್ಯಾಡ."

ಭಾಗ್ಯಜ್ಯೋತಿ ಯೋಚಿಸಿದಳು. ಬೆನ್ನ ಹಿಂದಿನ ಕೈ ಮುಂದೆ ತಂದಳು. ಅಪ್ಪನಿಗೆ ಹೊಲಸು ಹತ್ತಬಾರದೆಂದು ಅದನ್ನು ಫ್ರಾಕಿಗೆ ಎರಡು ಸಲ ಗಸಗಸ ಒರೆಸಿ, ಆಮೇಲೆ ಆತನ ಕೈಯಲ್ಲಿಟ್ಟಳು.