ಬೇಲಿಯ ಆಚೆಯ ಎರಡಡಿ

ನಾವು ಅಮೃತಹಳ್ಳಿಯ ಅಂಚಿನಲ್ಲಿ ಮನೆ ಕಟ್ಟಿಕೊಂಡಾಗ ಸುತ್ತಲೂ ದ್ರಾಕ್ಷಿ ತೋಟಗಳಿದ್ದವು. ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ಗಂಡನಿಗೆ ಯಶವಂತಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಬೆಳಿಗ್ಗೆ ಸೈಕಲ್ ಹತ್ತಿ ಹೆಬ್ಬಾಳದ ಕೆರೆ ಏರಿ ದಾಟಿ ಹೋದರೆ ಮತ್ತೆ ಮುಖ ಕಾಣುತ್ತಿದ್ದುದು ಸಂಜೆಗೇ. ಗದಗಿನ ಕಡೆಯಿಂದ ಬಂದ ನನಗೆ ಇಲ್ಲಿಯವರ ಮಾತಿನ ಓಟ ಹಿಡಿಯುತ್ತಿರಲಿಲ್ಲ, ನನ್ನ ಮಾತು ಕೇಳಿದರೆ ಇಲ್ಲಿಯವರು ನಗುತ್ತಿದ್ದರು. ನಗದೆ ಕೇಳಿಸಿಕೊಂಡವರು ಪಕ್ಕದ ಮನೆಯಾಕೆ ಒಬ್ಬರೇ. ಚಿಕ್ಕಬಳ್ಳಾಪುರದ ಕಡೆಯವರು, ನನಗಿಂತ ಎಷ್ಟೋ ವರ್ಷ ದೊಡ್ಡವರು. ನಾನು ಅವರನ್ನು ಮೊದಲ ವಾರದಿಂದಲೇ ಅಕ್ಕ ಎಂದೆ. ಅವರು ನನ್ನನ್ನು ಏಕವಚನದಲ್ಲಿ ಕರೆದರು. ಊರು ಬಿಟ್ಟು ಬಂದವಳಿಗೆ ಅದು ಎಷ್ಟು ಹಿತವಾಗಿತ್ತೆಂದು ಈಗ ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ.

ನಮ್ಮಿಬ್ಬರ ಮನೆಯವರೂ ಜಾಗ ಕೊಂಡದ್ದು ಒಬ್ಬನೇ ರೈತನಿಂದ. ಆತ ಹೊಲದಲ್ಲಿ ಹಗ್ಗ ಎಳೆದು, ಮೂಲೆಗೊಂದು ಕಲ್ಲು ನೆಟ್ಟು, ಇಲ್ಲಿಂದ ಇಲ್ಲಿಗೆ ನಿಮ್ಮದು, ಅಲ್ಲಿಂದ ಆಚೆ ಅವರದು ಎಂದು ತೋರಿಸಿಕೊಟ್ಟಿದ್ದ. ಕಾಗದದಲ್ಲಿ ಸುಮಾರು ಅಳತೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆಗ ಅದು ಯಾರಿಗೂ ಕೊರತೆ ಅನ್ನಿಸಲಿಲ್ಲ.

ಜಕ್ಕೂರಿನ ಬಯಲಿನಿಂದ ಬೀಸುವ ಗಾಳಿ ಮಾತ್ರ ತಡೆಯಲಾಗುತ್ತಿರಲಿಲ್ಲ. ಒಣಗಿಸಿದ ಬಟ್ಟೆಯೆಲ್ಲ ಕೆಂಪು ಮಣ್ಣಿನ ಬಣ್ಣ. ಜೊತೆಗೆ ಊರಿನ ಮೇಕೆಗಳ ಕಾಟ ಬೇರೆ. ಗೋಡೆ ಕಟ್ಟಿಸುವ ಶಕ್ತಿ ನಮಗಿರಲಿಲ್ಲ. ಸರ್ವೆ ಸಸಿ ತಂದು ಬೇಲಿ ಮಾಡು ಎಂದವರು ಅಕ್ಕನೇ. ಸರ್ವೆಯನ್ನು ಮರವಾಗಲು ಬಿಡದೆ ಎದೆಯೆತ್ತರಕ್ಕೆ ಕತ್ತರಿಸುತ್ತ ಬಂದರೆ ವರ್ಷವಿಡೀ ಹಸಿರಾಗಿರುತ್ತದೆ, ಗಾಳಿಯನ್ನೂ ಸೋಸುತ್ತದೆ ಎಂದರು. ನಮ್ಮ ಕಡೆ ಬೇಲಿಯೆಂದರೆ ಜಾಲಿ ಮುಳ್ಳು. ಹಸಿರು ಬೇಲಿಯನ್ನು ಮಗುವಿನ ಹಾಗೆ ಸಾಕಬೇಕೆಂದು ನನಗೆ ಗೊತ್ತಾದದ್ದು ಅವರಿಂದ.

ಸಸಿ ನೆಡುವ ದಿನ ನಾನು ಕಲ್ಲಿನಿಂದ ಕಲ್ಲಿಗೆ ನೇರವಾಗಿ ಗುಂಡಿ ತೋಡಿಸಲು ನಿಂತಿದ್ದೆ. ಅಕ್ಕ ಬಂದು ತಡೆದರು.

"ಗಡಿ ಮೇಲೇ ಬೇಡ ಕಣೇ. ನಿನ್ ಜಾಗದಲ್ಲೇ ಎರಡಡಿ ಒಳಗೆ ನೆಡು. ಎರಡೂ ಕಡೆಯಿಂದ ಗೊಬ್ಬರ ಬಿದ್ರೇನೇ ಬೇಲಿ ದಟ್ಟ ಆಗೋದು. ನಮ್ಮನೆಯೋರು ಒಂಥರಾ ಮನುಷ್ಯ, ನಾಳೆ ಏನಾದ್ರೂ ಅಂದ್ರೆ ನಿನಗೆ ಆ ಕಡೆ ಓಡಾಡೋಕೆ ನಿನ್ ಜಾಗ ಇರ್ಬೇಕು."

ಎಷ್ಟು ಯೋಚನೆ ಮಾಡಿ ಹೇಳುತ್ತಾರಲ್ಲ ಎಂದುಕೊಂಡೆ. ಎರಡಡಿ ಒಳಗೇ ನೆಡಿಸಿದೆ, ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ.

ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ಕೂಡಲೇ ಗೊಬ್ಬರದ ಕೆಲಸ. ಬುಡಕ್ಕೆ ಅಂಟಿಸಿ ಹಾಕಬಾರದು, ಬೇರು ತಿನ್ನುವುದು ತುದಿಯಲ್ಲಿ ಎಂದು ಅಕ್ಕ ಹೇಳಿಕೊಟ್ಟರು. ಕಾಂಡದಿಂದ ಒಂದು ಮೊಳ ದೂರದಲ್ಲಿ ಬೇಲಿಯುದ್ದಕ್ಕೂ ಸಣ್ಣ ಕಾಲುವೆ ತೆಗೆಯುತ್ತಿದ್ದೆವು, ಬೇರು ಕಡಿಯದಷ್ಟು ಆಳಕ್ಕೆ. ಅದಕ್ಕೆ ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ, ಮೇಲೆ ಒಂದಿಷ್ಟು ಬೇವಿನ ಹಿಂಡಿ, ಆಮೇಲೆ ಮಣ್ಣು ಮುಚ್ಚಿ ನೀರು. ಒಮ್ಮೆ ನನ್ನ ಗಂಡ ಯಾರೋ ಕೊಟ್ಟರೆಂದು ಯೂರಿಯಾ ತಂದಾಗ ಅಕ್ಕ ಅದನ್ನು ಮುಟ್ಟಗೊಡಲಿಲ್ಲ. ಅದರಿಂದ ಹುಲ್ಲಿನ ಹಾಗೆ ಉದ್ದುದ್ದ ಬೆಳೆಯುತ್ತದೆ, ಒಳಗೆ ಟೊಳ್ಳು, ದಟ್ಟ ಆಗುವುದಿಲ್ಲ ಎಂದರು. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಗೊಬ್ಬರ. ಕತ್ತರಿಸುವಾಗ ಕೆಳಗೆ ಅಗಲ, ಮೇಲೆ ಕಿರಿದು. ಹಾಗೆ ಮಾಡದಿದ್ದರೆ ಬಿಸಿಲು ಕಾಣದೆ ಬುಡವೆಲ್ಲ ಬೋಳಾಗುತ್ತದೆ.

ಈಚೆ ಬದಿಯ ಕಾಲುವೆ ನನ್ನದು, ಆಚೆಯದು ಅಕ್ಕನದು ಎಂದು ತಾನಾಗಿಯೇ ಹಂಚಿಕೆಯಾಯಿತು. ನಾನು ಸುತ್ತಿ ಹೋಗಬೇಕಿತ್ತು, ಅವರಿಗೆ ಹಿತ್ತಲ ಬಾಗಿಲು ತೆಗೆದರೆ ಸಾಕು. ಬೇಲಿಯ ಆಚೆ ಈಚೆ ಕುಕ್ಕರುಗಾಲಲ್ಲಿ ಕೂತು ಗೊಬ್ಬರ ಹಾಕುತ್ತ, ಎಲೆಗಳ ಸಂದಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಅರ್ಧ ಕಾಣುತ್ತಿರುವಾಗ, ತವರಿನವರಿಗೂ ಹೇಳದ ಮಾತುಗಳನ್ನು ನಾನು ಅವರಿಗೆ ಹೇಳಿದ್ದೇನೆ. ನನ್ನ ಮೊದಲ ಬಸಿರು ಇಳಿದುಹೋದದ್ದನ್ನು ಅಳದೆ ಹೇಳಲು ಸಾಧ್ಯವಾದದ್ದು ಅಲ್ಲಿಯೇ.

ಬೇಲಿ ಎದೆಯೆತ್ತರಕ್ಕೆ ಬಂದ ಕಾಲಕ್ಕೆ ನನ್ನ ಗಂಡನಿಗೆ ಹರಿಹರಕ್ಕೆ ವರ್ಗವಾಯಿತು. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟೆವು. ಬೇಲಿಯದೊಂದೇ ನನಗೆ ಚಿಂತೆ. ನೀನು ಹೋಗಿ ಬಾ, ಎರಡೂ ಕಡೆ ನಾನೇ ನೋಡಿಕೊಳ್ಳುತ್ತೇನೆ ಎಂದರು. ದಸರೆಯ ರಜೆಗೆ ಬಂದಾಗಲೆಲ್ಲ ಬೇಲಿ ಇನ್ನಷ್ಟು ತುಂಬಿಕೊಂಡಿರುತ್ತಿತ್ತು, ಕೈ ತೂರಿಸಿದರೆ ಆಚೆ ಬದಿ ಸಿಗದಷ್ಟು. ಆಗ ಅವರ ಕೈ ಹಿಡಿದು, ನನ್ನ ಮಕ್ಕಳನ್ನು ನಿಮ್ಮ ಕೈಯಲ್ಲಿ ಬಿಟ್ಟಿದ್ದರೂ ಹೀಗೆಯೇ ಬೆಳೆಯುತ್ತಿದ್ದರು ಎಂದು ಹೇಳಿದ ನೆನಪು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಹಿಂದಿರುಗಿದೆವು. ಅಷ್ಟರಲ್ಲಿ ದ್ರಾಕ್ಷಿ ತೋಟಗಳು ಒಂದೊಂದಾಗಿ ಸೈಟುಗಳಾಗುತ್ತಿದ್ದವು. ಜಾಗ ಮಾರಿದ ರೈತ ತೀರಿಕೊಂಡಿದ್ದ. ಮುಂದಿನ ಮೂಲೆಯ ಕಲ್ಲು ಚರಂಡಿ ತೋಡುವಾಗ ಹೋಗಿತ್ತು. ಹಿಂದಿನ ಮೂಲೆಯದೂ ಇರಲಿಲ್ಲ. ಅದು ಎಲ್ಲಿ ಹೋಯಿತೆಂದು ಅಕ್ಕನನ್ನು ಕೇಳಿದೆ. ಗೊತ್ತಿಲ್ಲ, ಇಟ್ಟಿಗೆ ಲಾರಿ ಬಂದಾಗ ಹೋಗಿರಬೇಕು ಎಂದರು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಹಿತ್ತಲಿಗೆ ಬಂದರೆ ಬೇಲಿಯ ಆಚೆ ಮೇಸ್ತ್ರಿ ದಾರ ಕಟ್ಟುತ್ತಿದ್ದ. ದಾರ ಸರ್ವೆಯ ಎಲೆಗಳಿಗೆ ತಾಗುತ್ತಿತ್ತು. ಅಕ್ಕನ ಮಗನಿಗೆ ಮದುವೆ ಗೊತ್ತಾಗಿತ್ತು, ಒಂದು ಕೋಣೆ ಕಟ್ಟುತ್ತಾರೆಂದು ನನಗೆ ತಿಳಿದಿತ್ತು. ಆದರೆ ಅದು ನಮ್ಮ ಎರಡಡಿಯ ಮೇಲೆ ಏಳುತ್ತದೆಂದು ತಿಳಿದಿರಲಿಲ್ಲ. ಮೇಸ್ತ್ರಿಗೆ ತಪ್ಪಾಗಿದೆ ಎಂದೇ ಭಾವಿಸಿ ಅಕ್ಕನನ್ನು ಕೂಗಿ ಕರೆದೆ.

"ಅಕ್ಕಾರ, ದಾರ ಭಾಳ ಈಚೆ ಬಂದೈತ್ರಿ. ಅಂವಗ ಒಂದೀಟು ಹೇಳ್ರಿ."

ಅವರು ಹಿತ್ತಲ ಬಾಗಿಲಲ್ಲೇ ನಿಂತರು. ಮುಂದೆ ಬರಲಿಲ್ಲ.

"ಸರಿಯಾಗೇ ಕಟ್ಟಿದಾನೆ. ಬೇಲಿಯಿಂದೀಚೆ ನಮ್ದು ತಾನೆ?"

ದಾರವನ್ನು ಆಚೆ ಸರಿಸಿರೆಂದು ಅವರು ಇನ್ನೇನು ಹೇಳುತ್ತಾರೆ ಎಂದು ಸ್ವಲ್ಪ ಹೊತ್ತು ಕಾದೆ. ಅವರು ಒಳಗೆ ಹೋದರು.

ನನ್ನ ಗಂಡ ಜಗಳವಾಡುವ ಮನುಷ್ಯನಲ್ಲ. ಊರಿನ ಹಿರಿಯರಲ್ಲಿ ಒಬ್ಬರನ್ನು ಕರೆತಂದರು. ಜಾಗ ಮಾರಿದ ರೈತನ ಮಗನೂ ಬಂದ. ಅಪ್ಪ ಕಲ್ಲು ನೆಡುವಾಗ ತಾನಿರಲಿಲ್ಲ ಎಂದುಬಿಟ್ಟ. ಅಕ್ಕನ ಗಂಡ, ಯಾರಾದರೂ ತಮ್ಮ ಜಾಗ ಬಿಟ್ಟು ಒಳಗೆ ಬೇಲಿ ಹಾಕಿಕೊಳ್ಳುತ್ತಾರೆಯೇ ಎಂದು ಕೇಳಿದರು. ಕೇಳುವವರಿಗೆ ನ್ಯಾಯವಾಗಿಯೇ ತೋರುವ ಮಾತು. ಗೊಬ್ಬರಕ್ಕಾಗಿ ಬಿಟ್ಟದ್ದು, ಅಕ್ಕನೇ ಬಿಡಿಸಿದ್ದು ಎಂದು ನಾನು ಹೇಳಿದೆ. ಎಲ್ಲರೂ ಅಕ್ಕನ ಕಡೆ ನೋಡಿದರು. ಅವರು ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು ಇಷ್ಟೇ ಅಂದರು: "ಇಷ್ಟು ವರ್ಷ ಆ ನೆಲಕ್ಕೆ ಗೊಬ್ಬರ ಹಾಕ್ದೋಳು ನಾನು. ಬೇಕಾದ್ರೆ ಅವಳನ್ನೇ ಕೇಳಿ."

ಹಿರಿಯರು ನನ್ನ ಕಡೆ ತಿರುಗಿದರು. "ಔದೇನವ್ವ? ಆ ಕಡೆ ಗೊಬ್ಬರ ಆಕ್ತಿದ್ದೋರು ಇವರೇನಾ?"

"ಹೌದ್ರಿ, ಅವರ ಹಾಕ್ತಿದ್ರು. ನಾ ಕೇಳ್ಕೊಂಡಿದ್ದಕ್ಕ ಹಾಕ್ತಿದ್ರು."

ನನ್ನ ಮೊದಲ ಮಾತು ಎಲ್ಲರಿಗೂ ಕೇಳಿಸಿತು. ಎರಡನೆಯದು ಯಾರಿಗೂ ಬೇಕಾಗಲಿಲ್ಲ. ಹಳ್ಳಿಯ ಲೆಕ್ಕದಲ್ಲಿ ನೆಲಕ್ಕೆ ಗೊಬ್ಬರ ಹೊತ್ತವರೇ ಆ ನೆಲದವರು. ಹಿರಿಯರು ಕೆಟ್ಟವರಲ್ಲ. ಅಕ್ಕತಂಗಿಯರ ಹಾಗೆ ಇದ್ದವರು ಎರಡಡಿಗೆ ಮನಸ್ಸು ಕೆಡಿಸಿಕೊಳ್ಳಬೇಡಿ ಎಂದು ನನಗೇ ಬುದ್ಧಿ ಹೇಳಿ ಹೋದರು. ನನಗೆ ಜಾಗ ಹೋದದ್ದಕ್ಕಿಂತ ಬೇರೊಂದು ಚುಚ್ಚುತ್ತಿತ್ತು. ನಾನು ಸುಳ್ಳು ಹೇಳುವವಳಲ್ಲ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ನಂಬಿಕೊಂಡು ಅವರು ಅಂದು ಅಲ್ಲಿ ಬಂದು ನಿಂತಿದ್ದರು.

ಪಾಯ ತೋಡುವಾಗ ನಾನು ಒಳಗೆ ಕೂರಲಾರದೆ ನೋಡುತ್ತಿದ್ದೆ. ಎರಡು ಮೊಳ ಕೆಳಗಿನವರೆಗೂ ಮಣ್ಣು ಕಪ್ಪಗೆ, ಪುಡಿಪುಡಿಯಾಗಿತ್ತು. ಗುದ್ದಲಿ ಬಿದ್ದ ಕಡೆಯೆಲ್ಲ ಎಳೆ ಬೇರುಗಳು ಜಡೆಯ ಹಾಗೆ ಕಿತ್ತು ಬರುತ್ತಿದ್ದವು. ಮಣ್ಣು ಒಳ್ಳೆಯದಿದೆ, ಎಸೆಯಬೇಡಿ, ಗುಲಾಬಿ ಗಿಡಗಳಿಗೆ ಹಾಕಿ ಎಂದು ಅಕ್ಕ ಆಳುಗಳಿಗೆ ಹೇಳುತ್ತಿದ್ದುದು ಕೇಳಿಸಿತು.

ಆ ಬೇಸಿಗೆಗೆ ಬೇಲಿಯ ಆಚೆ ಬದಿ ಕಂದು ಬಣ್ಣಕ್ಕೆ ತಿರುಗಿತು. ಈಚೆ ಬದಿಗೆ ನಾನು ಗೊಬ್ಬರ ಹಾಕುವುದನ್ನು ಬಿಡಲಿಲ್ಲ. ಒಂದೇ ಕಡೆಯ ಊಟದಲ್ಲಿ ಅದು ನಮ್ಮತ್ತ ವಾಲಿಕೊಂಡು ಬೆಳೆಯಿತು, ನಡುವೆ ಸಂದಿ ಬಿಟ್ಟು. ಆ ಸಂದಿಗಳಲ್ಲಿ ಕಾಣುತ್ತಿದ್ದುದು ಹೊಸ ಕೋಣೆಯ ಗಾರೆ ಗೋಡೆ.

ಮದುವೆಗೆ ಅಕ್ಕ ತಾವೇ ಬಂದು ಕುಂಕುಮ ಕೊಟ್ಟು ಕರೆದರು. ಹೋಗುವುದಿಲ್ಲವೆಂದು ನಿಶ್ಚಯಿಸಿದ್ದವಳು ಕೊನೆಗೆ ಹೋದೆ. ಯಾಕೆ ಹೋದೆನೋ ಇಂದಿಗೂ ಸರಿಯಾಗಿ ಹೇಳಲಾರೆ. ಬಹುಶಃ ಅವರು ಕೈ ಹಿಡಿದು ಏನಾದರೂ ಒಂದು ಮಾತು ಹೇಳಬಹುದೆಂಬ ಆಸೆ. ಕೈ ಹಿಡಿದರು ನಿಜ. ಬೀಗರ ಮುಂದೆ ನನ್ನನ್ನು ನಿಲ್ಲಿಸಿ, "ಇವಳು ನನ್ನ ಒಡಹುಟ್ಟಿದ ತಂಗಿ ಇದ್ದಂಗೆ. ಒಂದು ದಿನಾನೂ ಒಬ್ರನ್ನೊಬ್ರು ಬಿಟ್ಟಿದ್ದಿಲ್ಲ," ಎಂದರು. ಅವರ ಮುಖದಲ್ಲಿ ಅಳುಕು ಹುಡುಕಿದೆ. ಇರಲಿಲ್ಲ. ಹಾಗಾದರೆ ಆ ಎರಡಡಿಯ ಯೋಚನೆ ಅವರಿಗೆ ಯಾವಾಗ ಬಂತು? ಸಸಿ ನೆಟ್ಟ ದಿನವೇ ಬಂದಿತ್ತೇ, ಹರಿಹರಕ್ಕೆ ನಮ್ಮನ್ನು ಬೀಳ್ಕೊಡುವಾಗಲೇ, ಅಥವಾ ಮಗನಿಗೆ ಹೆಣ್ಣು ಗೊತ್ತಾದ ಮೇಲೆಯೇ? ನನ್ನ ದುಃಖ ಕೇಳಿಸಿಕೊಳ್ಳುತ್ತ ಅವರು ಬೇಲಿಯ ಆಚೆ ಕೂತಿದ್ದ ಆ ಸಂಜೆಗಳಲ್ಲಿ ಅದು ಅವರ ತಲೆಯಲ್ಲಿತ್ತೋ ಇಲ್ಲವೋ ಎನ್ನುವುದೊಂದು ತಿಳಿದಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಊಟ ಮಾಡಿ, ತಾಂಬೂಲ ತೆಗೆದುಕೊಂಡು ಬಂದೆ.

ಮನೆಗೆ ಬಂದವಳೇ ಬೇಲಿ ಕಡಿಸಿಬಿಡಿ ಎಂದು ಗಂಡನಿಗೆ ಹೇಳಿದೆ. ಅವರು ಯಾಕೆಂದು ಕೇಳಲಿಲ್ಲ. ಮರುವಾರ ಇಬ್ಬರು ಆಳುಗಳು ಬಂದು ಬೊಡ್ಡೆ ಸಮೇತ ತೆಗೆದರು. ಸರ್ವೆಯ ಸೌದೆ ಹೊಗೆಯಾಡದೆ ಉರಿಯುತ್ತದೆ. ಆ ಚಳಿಗಾಲವೆಲ್ಲ ನಮ್ಮ ಬಚ್ಚಲ ಹಂಡೆ ಕಾದದ್ದು ಅದರಲ್ಲೇ.

ಒಂದು ಬೆಳಿಗ್ಗೆ ಒಲೆಗೆ ಸೌದೆ ಆರಿಸುತ್ತಿದ್ದಾಗ ಅಕ್ಕ ಹೊಸ ಕೋಣೆಯ ಮೂಲೆಗೆ ಬಂದು ನಿಂತರು. ಬೋಳಾದ ನೆಲವನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಎಷ್ಟು ಚೆನ್ನಾಗಿ ಬೆಳೆಸಿದ್ವಲ್ಲೇ," ಎಂದರು. "ನನಗೊಂದು ಮಾತು ಹೇಳ್ದೆ ಕಡಿಸಿಬಿಟ್ಯಲ್ಲ."

ಅವರ ದನಿ ನಿಜವಾಗಿಯೂ ನೊಂದಿತ್ತು. ನಾನು ಕೈಯಲ್ಲಿದ್ದ ಸೌದೆ ಎತ್ತಿಕೊಂಡು ಒಳಗೆ ಹೋದೆ.