ಧಾರೆಗೆ ಮೊದಲು ಪಾಸ್‌ಪೋರ್ಟ್

ನಮ್ಮ ಮಗಳು ಅಬುಧಾಬಿಯಲ್ಲಿ ಅಮೆರಿಕನ್ ಸಿಲಬಸ್ಸಿನ ಶಾಲೆಗೆ ಹೋಗುತ್ತಿದ್ದಳು. ಹಾಗಾಗಿ ಆ ವರ್ಷ ಹಮ್ದಾನ್ ಸ್ಟ್ರೀಟಿನ ನಮ್ಮ ಫ್ಲಾಟಿನಲ್ಲಿ ಊಟಕ್ಕೆ ಕೂತರೂ ಅಮೆರಿಕದಲ್ಲಿ ಹಿಂದೆ ಇದ್ದ ಕರಿಯರ ಗುಲಾಮಗಿರಿಯದೇ ಮಾತು. ಅದನ್ನು ವಿರೋಧಿಸಿದವರು ಮೊದಲು ಪ್ರವಚನ ಮಾಡಿದರು, ಮನವಿ ಬರೆದರು, ಯಜಮಾನರ ಮನಸ್ಸು ಕರಗುತ್ತದೆಂದು ಕಾದರು. ಕರಗಲಿಲ್ಲ. ಓಡಿಬಂದ ಗುಲಾಮರನ್ನು ಹಿಡಿದುಕೊಡಬೇಕೆಂಬ ಕಾನೂನು ಬಂದಮೇಲೆ ಸಿಕ್ಕಿಬಿದ್ದವರನ್ನು ಬಿಡಿಸಲು ಜೈಲಿನ ಬಾಗಿಲು ಒಡೆದರು, ಕೆಲವರು ಕೋವಿಯನ್ನೂ ಎತ್ತಿದರು. ಅವರು ಮಾಡಿದ್ದು ಸರಿಯೇ? ಶಾಲೆಯ ಡಿಬೇಟಿನಲ್ಲಿ ಸರಿ ಎನ್ನುವ ಪಕ್ಷ ಇವಳ ಪಾಲಿಗೆ ಬಂದಿತ್ತು. ಬಾರದಿದ್ದರೂ ಹಾಗೆಯೇ ಹೇಳುತ್ತಿದ್ದಳು, ನನ್ನದೇ ಬಾಯಿ ಅವಳಿಗೆ.

ಅವಳ ಅಪ್ಪ ಎರಡು-ಮೂರು ಗಂಟೆ ದಾರಿಯ ರುವೈಸಿನಲ್ಲಿ ಒಂದು ಸಣ್ಣ ಗುತ್ತಿಗೆ ಕಂಪನಿಯ ಟೆಕ್ನಿಶಿಯನ್, ಶುಕ್ರವಾರ-ಶನಿವಾರದ ವಾರದ ರಜೆಗೆಂದು ಗುರುವಾರ ಸಂಜೆ ಮನೆಗೆ ಬರುವವರು. ಟ್ಯಾಕ್ಸಿಯವನು ದಾರಿ ತಪ್ಪಿದರೂ ಸಾರಿ ಹೇಳುವುದು ಇವರೇ. ಆಗ ಊರಲ್ಲಿ ಇವರ ತಂಗಿಯ ಮದುವೆ ನಿಶ್ಚಯವಾಗಿತ್ತು. ಅಪ್ಪನಿಲ್ಲದ ಹುಡುಗಿಗೆ ಧಾರೆ ಎರೆಯಬೇಕಾದವರು ಅಣ್ಣ. ಆದರೆ ಕಂಪನಿಯ ಎಲ್ಲರಂತೆ ಇವರ ಪಾಸ್‌ಪೋರ್ಟೂ ಆಫೀಸಿನ ಲಾಕರಿನಲ್ಲಿತ್ತು. ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತು, ಕೇಳುವ ಧೈರ್ಯ ಯಾರಿಗೂ ಇಲ್ಲ. ರಜೆ ಮಂಜೂರಾದಮೇಲೂ ಮ್ಯಾನೇಜರ್ ಕೆಲಸ ಮುಗಿಯಲಿ ಎಂದು ಅದನ್ನು ಕೊಡದೆ ಸತಾಯಿಸುತ್ತಿದ್ದ. ಇವರು ವಿನಯದಿಂದ ಮೇಲ್ ಬರೆಯುತ್ತಲೇ ಇದ್ದರು.

“ಪಪ್ಪಾ, ಯು ಆರ್ ಸ್ಟಿಲ್ ಇನ್ ದ ಪಿಟಿಶನ್ ಸ್ಟೇಜ್,” ಎಂದಳು ಮಗಳು, ಒಂದು ಶುಕ್ರವಾರ ಊಟಕ್ಕೆ ಕೂತಾಗ.

“ನಮ್ಮನ್ನು ಆ ಗುಲಾಮರ ಸಾಲಿಗೆ ಸೇರಿಸ್ಬೇಡ ಮಗಾ. ಅವರನ್ನು ಮಾರ್ತಿದ್ರು. ನಂಗೆ ಸಂಬಳ ಉಂಟು, ನಾನಾಗಿಯೇ ಬಂದದ್ದು.”

“ದೆನ್ ಎಂತಕ್ಕೆ ಹೆದರುದು?”

ಇವರು ಬಂಗುಡೆಯ ಮುಳ್ಳು ಬಿಡಿಸತೊಡಗಿದರು.

ಭಾನುವಾರ ಸಂಜೆ ರುವೈಸಿನಿಂದ ಇವರ ಫೋನ್ ಬಂತು. ಬೆಳಿಗ್ಗೆಯೇ ಮ್ಯಾನೇಜರನ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತು, ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಏಳುವುದಿಲ್ಲ ಎಂದರಂತೆ. ಅವನು ಬೈದ, ವೀಸಾ ಕ್ಯಾನ್ಸಲ್ ಮಾಡುತ್ತೇನೆಂದ, ಕೊನೆಗೆ ಚಾ ತರಿಸಿ ಲಾಕರ್ ತೆರೆದನಂತೆ. ಅದೇ ವಾರ ಡಿಬೇಟಿನಲ್ಲಿ ಮಗಳು ಸೋತಳು, ಕೂಗಾಡಿದ್ದಕ್ಕೆ ಟೀಚರ್ ಅಂಕ ಕಳೆದರು. ಊರಿಗೆ ಹೋದೆವು. ಧಾರೆ ಎರೆಯುವಾಗ ಮದುಮಗಳಿಗಿಂತ ಹೆಚ್ಚು ಅತ್ತವರು ಇವರು.

ಮರಳಿ ಬಂದ ಮರುದಿನವೇ ಮ್ಯಾನೇಜರನ ಫೋನ್: ಪಾಸ್‌ಪೋರ್ಟ್ ತಂದು ಒಪ್ಪಿಸಬೇಕು. ಕೆಲಸ ಹೋದರೆ ಮಗಳ ಶಾಲೆ, ಈ ಮನೆ ಏನಾದೀತೆಂದು ನಾನು ಲೆಕ್ಕ ಹಾಕುತ್ತಿದ್ದೆ. ಇವರು ಎಂದಿನ ಮೆಲುದನಿಯಲ್ಲೇ, ಇಲ್ಲ ಸಾರ್, ಅದು ಇನ್ನು ನನ್ನ ಬಳಿಯೇ ಇರುತ್ತದೆ ಎಂದು ಫೋನಿಟ್ಟರು. ನಾನು ಅವರ ಕೈ ಹಿಡಿದುಕೊಂಡೆ. ಮದುವೆಯಾದ ಹೊಸತರಲ್ಲೂ ನನಗೆ ಅವರ ಮೇಲೆ ಅಷ್ಟು ಪ್ರೀತಿ ಬಂದಿರಲಿಲ್ಲ.